ಮೇಲಿನ ಸಾಲಿನ ಮೂರನೇ ಮನೆ

ದಹ್ರಾನ್
13 ಸೆಪ್ಟೆಂಬರ್ 2024

ಅದ್ದು ಮಾಮನಿಗೆ ಶಮೀನಾಳ ಸಲಾಂ.

ಈ ಸಲ ಬರೆಯಲು ತಡವಾಯಿತು, ಬೈಯಬೇಡಿ. ಉಪ್ಪನಿಗೆ ದಮ್ಮಾಮಿನಲ್ಲಿ ಕೆಲಸ ಸಿಕ್ಕಿ ನಾವು ವಾದಿ ನುಹಾಸ್ ಬಿಟ್ಟ ದಿನ ನೀವೊಂದು ಶರತ್ತು ಹಾಕಿದ್ದಿರಿ. ಕಾಗದದ ಮೇಲೆ, ಕನ್ನಡದಲ್ಲಿ ಬರೆದರೆ ಮಾತ್ರ ಉತ್ತರ ಅಂತ. ಆಗ ನನಗೆ ಎಂಟು ವರ್ಷ. ಈಗ ನನ್ನ ಮಗಳು ಫಿಝಾಳಿಗೇ ಹತ್ತಾಯಿತು. ಶರತ್ತು ಇನ್ನೂ ನಡೆಯುತ್ತಿದೆ, ಅಂಚೆಗೆ ಹಾಕುವ ಬದಲು ಫೋಟೋ ತೆಗೆದು ಕಳಿಸುವುದೊಂದೇ ವ್ಯತ್ಯಾಸ. ನಾನು ಬರೆಯುವಾಗ ಫಿಝಾ ಬಗ್ಗಿ ನೋಡಿ, ಇದೆಂತ ಡ್ರಾಯಿಂಗ್ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾಳೆ.

ಇವತ್ತು ಬರೆಯಲು ಕಾರಣ ಇದೆ. ನಿನ್ನೆ ಫಾಝಿಲ್ ಆಫೀಸಿನಿಂದ ಬಂದವರೇ ಫೋನ್ ತೋರಿಸಿ, "ಇದು ನಿನ್ನ ಊರಲ್ವಾ ಮಾರಾಯ್ತಿ?" ಎಂದರು. ನೋಡಿದರೆ ನಮ್ಮ ವಾದಿ ನುಹಾಸ್. ಗಣಿ ಕೆಲಸದವರ ಕಲ್ಲಿನ ಮನೆಗಳಿಗೆ ಸಾಲಾಗಿ ಹಳದಿ ದೀಪ ಕಟ್ಟಿದ್ದಾರೆ. ತಾಮ್ರದ ಅದಿರು ಎಳೆಯುತ್ತಿದ್ದ ಗಾಡಿಯೊಳಗೆ ಹೂವಿನ ಗಿಡ. ಎರಡು ರಾತ್ರಿ ಇರಲಿಕ್ಕೆ ಕೇಳುವ ಬಾಡಿಗೆ ಉಪ್ಪನಿಗೆ ಆಗ ಗಣಿಯಲ್ಲಿ ಸಿಗುತ್ತಿದ್ದ ತಿಂಗಳ ಸಂಬಳಕ್ಕಿಂತ ಜಾಸ್ತಿ. ಗಣಿ ಮುಚ್ಚಿದ ಮೇಲೆ ಅಲ್ಲಿ ಆಡು ಮಾತ್ರ ಇದ್ದಾವೆ ಎಂದು ನೀವು ಬರೆದದ್ದು ನನಗೆ ನೆನಪು. ಇದೆಲ್ಲ ಯಾವಾಗ ಆಯಿತು?

ಮಾಮ, ನಮ್ಮ ಮನೆ ಯಾವುದು? ನನಗೆ ನೆನಪಿರುವುದು ಹಿಂದಿನ ಕೋಣೆಯ ಕಿಟಕಿ ಮಾತ್ರ. ಶುಕ್ರವಾರ ಅಸರ್ ನಮಾಜಿನ ನಂತರ ಉಪ್ಪ ನನ್ನನ್ನು ಎತ್ತಿ ಆ ಕಿಟಕಿಯ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಕೆಳಗೆ ಕಬರಸ್ತಾನ. ಹೆಂಗಸರಿಗೆ, ಹುಡುಗಿಯರಿಗೆ ಒಳಗೆ ಹೋಗಲಿಕ್ಕಿಲ್ಲ, ಇಲ್ಲಿಂದಲೇ ಉಮ್ಮನಿಗೆ ಸಲಾಂ ಹೇಳು ಎನ್ನುತ್ತಿದ್ದರು. ನನಗೆ ಗುರುತು ಸಿಗಲಿ ಅಂತ ನೀವು ಕೆಳಗೆ ಹೋಗಿ ಉಮ್ಮನ ಕಬರಿನ ಹತ್ತಿರ ನಿಂತು ಕೈ ಎತ್ತುತ್ತಿದ್ದಿರಿ. ನಿಮ್ಮ ಕೈ ನೆನಪಿದೆ, ನಿಂತ ಜಾಗ ನೆನಪಿಲ್ಲ.

ಆ ಮನೆ ಬಾಡಿಗೆಗಾದರೂ ಸಿಗುತ್ತದಾ, ವಿಚಾರಿಸುತ್ತೀರಾ? ನನಗೆ ಆ ಕಿಟಕಿ ಬೇಕು.

ನಿಮ್ಮ
ಶಮೀನಾ


ವಾದಿ ನುಹಾಸ್
29 ಸೆಪ್ಟೆಂಬರ್ 2024

ಮಗಳೇ ಶಮೀನಾ, ವಅಲೈಕುಂ ಸಲಾಂ.

ನಿನ್ನ ಅಕ್ಷರ ಕೋಳಿ ಕೆದರಿದ ಹಾಗೆ ಉಂಟು. ದೊಡ್ಡ ಇಂಜಿನಿಯರನ ಹೆಂಡತಿ ಆದ ಮೇಲೆ ಪೆನ್ನು ಹಿಡಿಯುವುದೇ ಮರೆತೆಯಾ?

ನಿಮ್ಮ ಮನೆ ಮೇಲಿನ ಸಾಲಿನ ಮೂರನೆಯದು. ತಪ್ಪುವ ಮಾತೇ ಇಲ್ಲ, ಯಾಕೆಂದರೆ ಅದರಲ್ಲಿ ಮಲಗುವವನು ನಾನೇ. ಗಣಿ ಮುಚ್ಚಿದಾಗ ಅಷ್ಟೂ ಮನೆಗಳನ್ನು ಕೊಂಡವರು ಅಬೂ ಸಾಲಿಹ್. ನನ್ನ ವೀಸಾದ ಜವಾಬ್ದಾರಿ ಹೊತ್ತ ಕಫೀಲ್ ಅವರೇ. ಈ ದೇಶದಲ್ಲಿ ಇರಲಿಕ್ಕೆ ಬೇಕಾದ ಇಕಾಮಾದಲ್ಲಿ ಮನೆ ಕಾವಲುಗಾರ ಎಂದು ಬರೆಸಿ ನನ್ನನ್ನು ಇಲ್ಲಿ ಉಳಿಸಿಕೊಂಡರು. ಎಲ್ಲ ಖಾಲಿ ಬಿದ್ದಿದೆ, ಯಾವುದರಲ್ಲಾದರೂ ಇರು ಎಂದರು, ನಾನು ನಿಮ್ಮದನ್ನು ಹಿಡಿದೆ. ನಿನ್ನ ಉಮ್ಮ ನಫೀಸತ್ ಅಡುಗೆ ಮಾಡುತ್ತಿದ್ದ ಕಟ್ಟೆಯ ಮೇಲೆಯೇ ಈಗ ನನ್ನ ಸ್ಟೌ. ಇಷ್ಟು ದಿನ ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಕೂತು ಅಳುತ್ತಿ ಅಂತ ಗೊತ್ತುಂಟು.

ಊರು ಬದಲಾದದ್ದು ಎರಡು ಮೂರು ವರ್ಷದಿಂದ. ರಿಯಾದಿನಿಂದ ಯಾರೋ ಬಂದು ಫೋಟೋ ಹೊಡೆದುಕೊಂಡು ಹೋದರು, ಅವರ ಹಿಂದೆ ಹತ್ತು ಕಾರು ಬಂತು. ಮೊದಲು ಪುಕ್ಕಟೆ ಕೊಟ್ಟರೂ ಬೇಡ ಎನ್ನುತ್ತಿದ್ದ ಮನೆಗಳಿಗೆ ಈಗ ನಜ್ರಾನಿನ ಪೇಟೆ ಮನೆಗಿಂತ ಹೆಚ್ಚು ರೇಟು. ಪಠಾಣ ಗುಲ್ ಖಾನನ ರೊಟ್ಟಿ ಅಂಗಡಿ ಕಾಫಿ ಶಾಪ್ ಆಗಿದೆ. ಅವನ ಒಲೆಯೊಳಗೆ ದೀಪ ಇಟ್ಟಿದ್ದಾರೆ, ಚಂದ ಕಾಣಲಿಕ್ಕಂತೆ. ಮೊನ್ನೆ ಒಬ್ಬಳು ನನ್ನ ಹತ್ತಿರ ಬಂದು, ನೀವು ನಿಜವಾದ ಗಣಿ ಕೆಲಸದವರಾ ಎಂದು ಕೇಳಿ ಸೆಲ್ಫಿ ತೆಗೆದಳು. ಅಲ್ಲ ಮಾರಾಯ್ತಿ, ಸುಳ್ಳು ಗಣಿ ಕೆಲಸದವರು ಹೇಗಿರುತ್ತಾರೆ?

ಉಮ್ಮನ ವಿಷಯ. ಶುಕ್ರವಾರ ಒಂದೂ ತಪ್ಪಿಸಿಲ್ಲ, ಜ್ವರ ಬಂದ ದಿನ ಸಹ ಹೋಗಿದ್ದೇನೆ. ಗೇಟಿನಿಂದ ಒಳಗೆ ಹೊಕ್ಕು ತುದಿಯವರೆಗೆ ನಡೆಯಬೇಕು, ಗುಡ್ಡದ ಬುಡಕ್ಕೆ ತಾಗಿ, ಸಂಜೆ ಮೊಟ್ಟಮೊದಲು ನೆರಳು ಬೀಳುವ ಕಡೆ. ಮಗ್ಗುಲಲ್ಲಿ ನಿನ್ನ ತಮ್ಮ, ಹೆಸರಿಡುವ ಮೊದಲೇ ಹೋದ ಮಗು. ಈ ದೇಶದಲ್ಲಿ ಕಬರಿಗೆ ಹೆಸರು, ಫಲಕ ಎಂತದೂ ಹಾಕುವುದಿಲ್ಲ. ಅರಸನಿಗೂ ಅದೇ ಮಣ್ಣು, ಕೂಲಿಗೂ ಅದೇ ಮಣ್ಣು. ಆ ಕಬರು ತೋಡಿದ್ದು ನಾವು ಮೂರು ಜನ, ಗಣಿಯಲ್ಲಿ ನನ್ನ ಜೊತೆಗಿದ್ದ ನಿನ್ನ ಉಪ್ಪ ಉಮ್ಮರಬ್ಬ, ಗುಲ್ ಖಾನ್, ನಾನು. ಅವರಿಬ್ಬರು ಈಗಿಲ್ಲ. ಗುರುತು ಹೇಳು ಎಂದರೆ ನನಗೂ ಹೇಳಲಿಕ್ಕೆ ಬರುವುದಿಲ್ಲ, ಕಾಲು ತನ್ನಷ್ಟಕ್ಕೆ ಹೋಗಿ ನಿಲ್ಲುತ್ತದೆ.

ನೀನು ಬಾ. ನೀನು ಕಿಟಕಿಯಲ್ಲಿ ನಿಂತುಕೊ, ನಾನು ಮೊದಲಿನ ಹಾಗೆ ಹೋಗಿ ಕೈ ಎತ್ತುತ್ತೇನೆ. ಬಾಡಿಗೆ ವಿಷಯ ಅಬೂ ಸಾಲಿಹರ ಹತ್ತಿರ ನಾನೇ ಮಾತಾಡುತ್ತೇನೆ. ನನ್ನ ಮುಖ ನೋಡಿ ಕಡಿಮೆಗೆ ಕೊಟ್ಟಾರು.

ಅದ್ದು


ದಹ್ರಾನ್
8 ನವೆಂಬರ್ 2024

ಅದ್ದು ಮಾಮನಿಗೆ ಸಲಾಂ.

ನಿಮ್ಮ ಕಾಗದ ಓದಿ ನೀವು ಹೇಳಿದ ಹಾಗೆಯೇ ಆಯಿತು, ಕೂತು ಅತ್ತೆ. ಉಮ್ಮನ ಕಟ್ಟೆಯ ಮೇಲೆ ನಿಮ್ಮ ಚಹಾ ಕುದಿಯುವುದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ. ಇಲ್ಲಿ ಕಂಪೌಂಡಿನೊಳಗೆ ಎಲ್ಲ ಇದೆ, ಹುಲ್ಲು, ಈಜುಕೊಳ, ಗೇಟಿನಲ್ಲಿ ಸೆಕ್ಯುರಿಟಿ. ಆದರೆ ಕೆಲಸ ಮುಗಿದ ಮರುದಿನ ಬಿಟ್ಟು ಹೋಗಬೇಕಾದ ಮನೆ ಇದು. ನಮ್ಮದು ಎನ್ನಲಿಕ್ಕೆ ಈ ದೇಶದಲ್ಲಿ ಏನಾದರೂ ಇದ್ದರೆ ಆ ಕಬರು ಒಂದೇ.

ಒಂದು ಸಂತೋಷದ ಸಂಗತಿ. ಫಾಝಿಲ್ ನೇರವಾಗಿ ಅಬೂ ಸಾಲಿಹರ ಮಗ ಸಾಲಿಹ್‌ಗೆ ಫೋನ್ ಮಾಡಿದರು. ತಿಂಗಳ ಬಾಡಿಗೆ ಬೇಡ, ಹತ್ತು ವರ್ಷದ ಕರಾರು ಮಾಡೋಣ ಎಂದಿದ್ದಾರೆ. ನೀವು ಮಾತಾಡುವ ಮೊದಲೇ ಮಾಡಿದ್ದಕ್ಕೆ ಬೇಜಾರು ಮಾಡಬೇಡಿ, ಇವರಿಗೆ ಯಾವುದಕ್ಕೂ ಅವಸರ. ನಾವಿಲ್ಲದಾಗ ಬೇರೆಯವರಿಗೆ ಕೊಡಬಹುದು, ಖರ್ಚು ಹುಟ್ಟುತ್ತದೆ ಎಂದು ಏನೇನೋ ಹೇಳುತ್ತಾರೆ. ಅದೆಲ್ಲ ನೀವು ತಲೆಗೆ ಹಚ್ಚಿಕೊಳ್ಳಬೇಡಿ. ಹೊರಗಿನ ಕೋಣೆ ಯಾವತ್ತೂ ನಿಮ್ಮದು. ನೀವಿಲ್ಲದ ಆ ಮನೆ ನನಗೆ ಯಾಕೆ?

ಶಮೀನಾ


ವಾದಿ ನುಹಾಸ್
20 ಡಿಸೆಂಬರ್ 2024

ಮಗಳೇ,

ಇಲ್ಲಿ ಚಳಿ ಜೋರು. ಎರಡು ಕಂಬಳಿ ಹೊದ್ದರೂ ಮೊಣಕಾಲು ಕೇಳುವುದಿಲ್ಲ.

ಅಬೂ ಸಾಲಿಹ್ ಹಾಸಿಗೆ ಹಿಡಿದಿದ್ದಾರೆ. ನೋಡಲು ಹೋದೆ, ಗುರುತು ಹಿಡಿದು ಕೈ ಒತ್ತಿದರು, ಮಾತು ಬರಲಿಲ್ಲ. ಈಗ ಎಲ್ಲ ಮಗನ ಕೈಯಲ್ಲಿ. ಅವನು ಒಳ್ಳೆಯವನೇ, ಆದರೆ ತಂದೆಯ ಹಾಗೆ ಕೂತು ಚಹಾ ಕುಡಿಯುವವನಲ್ಲ. ನಿನ್ನ ಗಂಡ ಹೇಳಿದ ರೇಟು ಅವನು ಕನಸಲ್ಲೂ ನೆನೆಸಿರಲಿಲ್ಲ. ಆ ಸುದ್ದಿ ಹಬ್ಬಿ ಇಡೀ ಊರಿನ ರೇಟು ಏರಿತು. ಕೆಳಗಿನ ಸಾಲಿನಲ್ಲಿರುವ ಬಂಗಾಳಿ ಪ್ಲಂಬರುಗಳಿಗೂ, ಯಮನಿನ ದರ್ಜಿಗೂ ಬೇಸಿಗೆಯೊಳಗೆ ಖಾಲಿ ಮಾಡಿ ಎಂದಿದ್ದಾರೆ. ದರ್ಜಿ ನನ್ನ ಹತ್ತಿರ ಬಂದು, ದಹ್ರಾನಿನ ನಿಮ್ಮ ಜನಕ್ಕೆ ನಮ್ಮ ಊರೇ ಬೇಕಿತ್ತಾ ಎಂದು ಕೇಳಿದ. ಅವಳ ಉಮ್ಮ ಇಲ್ಲಿದ್ದಾಳೆ ಎಂದೆ.

ಮೊನ್ನೆ ಸಾಲಿಹ್ ಮನೆ ಅಳತೆ ಮಾಡಿಸಲು ಬಂದಿದ್ದ. "ಮನೆಯೆಲ್ಲ ಜನ ತುಂಬಿದ ಮೇಲೆ ಕಾವಲಿಗೆ ಎಂತ ಕೆಲಸ ಅದ್ದು?" ಎಂದು ನಕ್ಕ. ನಾನೂ ನಕ್ಕೆ. ತಮಾಷೆಗೆ ಹೇಳಿದ್ದಿರಬೇಕು.

ಫಿಝಾಳಿಗೆ ಚಳಿಗಾಲದ ರಜೆ ಉಂಟಲ್ಲ, ಒಂದು ದಿನಕ್ಕಾದರೂ ಬಂದು ಹೋಗಿ. ಮನೆ ಹೀಗೇ ಇರುವಾಗ ನೋಡಿದರೆ ನಿನಗೆ ನೆನಪು ಬರುತ್ತದೆ. ಕಿಟಕಿಯ ಕಟ್ಟೆಯ ಮೇಲೆ ನೀನು ಮೊಳೆಯಿಂದ ಗೀಚಿದ ಬೆಕ್ಕು ಇನ್ನೂ ಉಂಟು.

ಅದ್ದು


ದಹ್ರಾನ್
31 ಜನವರಿ 2025

ಅದ್ದು ಮಾಮನಿಗೆ ಸಲಾಂ.

ಕರಾರು ಆಯಿತು. ಫಾಝಿಲ್ ಕಾಗದಪತ್ರ ತಂದು ನನ್ನ ಕೈಯಲ್ಲಿಟ್ಟು, ತಗೋ ನಿನ್ನ ಕಿಟಕಿ ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನಗೆ ಕೊಟ್ಟ ದೊಡ್ಡ ಉಡುಗೊರೆ ಇದು. ಮುಂದಿನ ವಾರ ಕೆಲಸದವರು ಬರುತ್ತಾರೆ. ಗೋಡೆಯ ಕಲ್ಲು ಹಾಗೇ ಇಟ್ಟು, ಒಳಗೆ ಮಾತ್ರ ಬಚ್ಚಲು, ಎಸಿ ಎಲ್ಲ ಹೊಸದು. ಆ ಬೆಕ್ಕನ್ನು ಮುಟ್ಟಬೇಡಿ ಎಂದು ಹೇಳಿಸಿದ್ದೇನೆ.

ರಜೆಗೆ ಬರಲಾಗಲಿಲ್ಲ, ಕ್ಷಮಿಸಿ. ಧೂಳು, ಮಣ್ಣು ಎಲ್ಲ ಮುಗಿದ ಮೇಲೆ ಹೋದರೆ ಚಂದ, ಒಮ್ಮೆಗೇ ನೋಡು ಎನ್ನುತ್ತಾರೆ ಇವರು. ನನಗೂ ಹಾಗೇ ಅನ್ನಿಸುತ್ತದೆ.

ಕಾವಲಿನ ವಿಷಯ ನೀವು ಯಾಕೆ ಬರೆದಿರಿ ಎಂದು ನನಗೆ ಅರ್ಥವಾಯಿತು ಮಾಮ. ಬಾಯಿಬಿಟ್ಟು ಕೇಳುವವರಲ್ಲ ನೀವು. ಸಾಲಿಹ್ ಕೊಡುತ್ತಿದ್ದುದನ್ನು ನಿಲ್ಲಿಸಿದರೆ ನಿಮ್ಮ ಸಂಬಳ ನಾವು ಕೊಡುತ್ತೇವೆ. ಎಷ್ಟು ಎಂದು ನಾಚದೆ ಹೇಳಿ.

ಶಮೀನಾ


ವಾದಿ ನುಹಾಸ್
21 ಫೆಬ್ರವರಿ 2025

ಶಮೀನಾ,

ಸಂಬಳ ಬೇಡ. ನಾನು ಸಂಬಳದ ಮಾತು ಬರೆಯಲಿಲ್ಲ.

ಕೆಲಸದವರು ಬಂದಿದ್ದಾರೆ. ನಾನು ಕೆಳಗಿನ ಸಾಲಿನಲ್ಲಿ ಬಂಗಾಳಿಗಳ ಜೊತೆ ಇದ್ದೇನೆ. ಒಳ್ಳೆ ಹುಡುಗರು, ಮೀನು ಸಾರು ಮಾಡುತ್ತಾರೆ. ನನ್ನ ಸಾಮಾನು ಒಂದು ಚೀಲದಲ್ಲಿ ಹಿಡಿಯಿತು, ಕೆಟ್ಲಿ ಮಾತ್ರ ಅಲ್ಲೇ ಉಳಿಯಿತು.

ಈದಿಗೆ ಬಾ. ಗಂಡನಿಗೆ ರಜೆ ಸಿಗದಿದ್ದರೆ ನೀನು ಮತ್ತು ಮಗು ವಿಮಾನದಲ್ಲಿ ನಜ್ರಾನಿಗೆ ಬನ್ನಿ, ನಾನು ಗಾಡಿ ಮಾಡಿಕೊಂಡು ಬಂದು ಕರೆದುಕೊಂಡು ಹೋಗುತ್ತೇನೆ. ಅದೇ ದಿನ ಸಂಜೆ ವಾಪಸ್ ಹೋಗಬಹುದು. ಮನೆ ಅರ್ಧ ಆಗಿದ್ದರೆ ಎಂತ, ಕಿಟಕಿ ಉಂಟಲ್ಲ. ಆಮೇಲೆ ನೋಡೋಣ ಎಂದು ಇಡಬೇಡ. ಈ ಒಂದು ಮಾತು ನಡೆಸು.

ಅದ್ದು


ದಹ್ರಾನ್
22 ಮಾರ್ಚ್ 2025

ಅದ್ದು ಮಾಮನಿಗೆ ಸಲಾಂ, ಮುಂಗಡವಾಗಿ ಈದ್ ಮುಬಾರಕ್.

ನನ್ನ ಮೇಲೆ ಸಿಟ್ಟಾಗಿದ್ದೀರಿ ಎಂದು ಹೋದ ಕಾಗದ ಓದಿದರೇ ಗೊತ್ತಾಗುತ್ತದೆ. ಸಂಬಳದ ಮಾತು ಎತ್ತಬಾರದಿತ್ತು. ಉಪ್ಪ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು.

ಈದಿಗೆ ಆಗುವುದಿಲ್ಲ ಮಾಮ. ಫಾಝಿಲರ ತಾಯಿ, ತಂಗಿ ನುಸೈಬಾ ಎಲ್ಲರೂ ಉಮ್ರಾ ಯಾತ್ರೆಗೆ ಬಂದವರು ಹಬ್ಬಕ್ಕೆ ನಮ್ಮಲ್ಲೇ ಇರುತ್ತಾರೆ. ಅವರನ್ನು ಬಿಟ್ಟು ಸೊಸೆ ಎಲ್ಲಿಗೆ ಹೊರಟಳು ಎಂದಾಗುತ್ತದೆ. ಒಬ್ಬರೇ ಹಬ್ಬ ಮಾಡುವುದು ನಿಮಗೆ ಬೇಜಾರು, ನನಗೆ ತಿಳಿಯುತ್ತದೆ. ಶಾಲೆಗೆ ದೊಡ್ಡ ರಜೆ ಸಿಗಲಿ, ಬಂದು ಒಂದು ವಾರ ನಿಮ್ಮ ತಲೆ ತಿನ್ನುತ್ತೇನೆ. ಉಮ್ಮ ಅಲ್ಲೇ ಇರುತ್ತಾಳೆ. ನೀವೂ ಅಲ್ಲೇ ಇರುತ್ತೀರಿ, ಎಲ್ಲಿಗೆ ಓಡಿ ಹೋಗುತ್ತೀರಿ?

ಶಮೀನಾ


ಫರಂಗಿಪೇಟೆ
16 ಮೇ 2025

ಮಗಳೇ ಶಮೀನಾ,

ಮೇಲೆ ಬರೆದ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ನಾನು ಊರಿಗೆ ಬಂದು ತಿಂಗಳು ಕಳೆಯಿತು. ತಂಗಿ ಝೊಹರಾಳ ಮನೆಯಲ್ಲಿದ್ದೇನೆ, ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಬರೆಯಲು ಇಷ್ಟು ದಿನ ಕೈ ಬರಲಿಲ್ಲ.

ನನ್ನ ಇಕಾಮಾ ಮನೆ ಕಾವಲಿನದ್ದು. ಮನೆ ಕೊಟ್ಟಾಯಿತು, ಕಾವಲು ಮುಗಿಯಿತು, ದೇಶ ಬಿಡು ಎಂದು ಎಕ್ಸಿಟ್ ಹೊಡೆದರು. ಸಾಲಿಹ್ ಫೆಬ್ರವರಿಯಲ್ಲೇ ಹೇಳಿದ್ದ. ಈದ್ ಕಳೆಯಲಿ ಎಂದು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಅವನು ಒಪ್ಪಿದ, ಸುಳ್ಳು ಹೇಳಬಾರದು, ಟಿಕೇಟನ್ನೂ ಅವನೇ ತೆಗೆದ. ಹಬ್ಬದ ದಿನ ನಜ್ರಾನಿನ ರಸ್ತೆಯನ್ನು ಸಂಜೆಯವರೆಗೂ ನೋಡಿದೆ. ನೀನು ಬರುವುದಿಲ್ಲ ಎಂದು ಬರೆದದ್ದು ಜೇಬಿನಲ್ಲೇ ಇತ್ತು, ಆದರೂ ನೋಡಿದೆ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತಿ. ಹೇಳಿದರೆ ನೀನು ಕರಾರು ಮುರಿ ಎನ್ನುತ್ತಿದ್ದೆ, ಮನೆಯಲ್ಲಿ ಗಂಡ ಹೆಂಡತಿಗೆ ಜಗಳ. ಅಷ್ಟು ಹಣ ಹಾಕಿದ್ದಾನೆ, ನಿನ್ನ ಮೇಲಿನ ಪ್ರೀತಿಗೆ ಹಾಕಿದ್ದು. ಒಬ್ಬ ಮುದುಕನಿಗೋಸ್ಕರ ಅದನ್ನು ಕೆಡಿಸುವುದು ನನಗೆ ಸರಿ ಕಾಣಲಿಲ್ಲ. ನೀನು ಬಂದರೆ ಜಾಗ ತೋರಿಸಿ ಸುಮ್ಮನೆ ಹೊರಟುಬಿಡೋಣ ಎಂದಿದ್ದೆ.

ಹೋಗುವ ದಿನ ಕಬರಿನ ಹತ್ತಿರ ಒಂದು ಗುರುತು ಇಡಲು ನೋಡಿದೆ. ಕಲ್ಲಿಗೆ ಬಣ್ಣ ಹಚ್ಚಿದರೆ ಅಲ್ಲಿ ಅಳಿಸುತ್ತಾರೆ, ಹಾಗೆ ಮಾಡಬಾರದು ಕೂಡ. ಫೋಟೋ ತೆಗೆದೆ. ಇಲ್ಲಿಗೆ ಬಂದು ನೋಡಿದರೆ ಬರೀ ಮಣ್ಣು, ಕಲ್ಲು, ಯಾವುದು ಯಾವುದೆಂದು ನನಗೇ ತಿಳಿಯುವುದಿಲ್ಲ. ಇಲ್ಲಿ ರಾತ್ರಿ ಮಲಗಿದರೆ ಕಾಲು ಮಾತ್ರ ಆ ದಾರಿ ನಡೆಯುತ್ತದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಅದ್ದು


ದಹ್ರಾನ್
18 ಮೇ 2025

ಮಾಮ,

ಇದನ್ನು ಬರೆಯುವ ಕೈಗೆ ಬೆಂಕಿ ಬೀಳಲಿ. ಎಲ್ಲಿಗೆ ಓಡಿ ಹೋಗುತ್ತೀರಿ ಎಂದು ಕೇಳಿದವಳು ನಾನು. ಉಮ್ಮನ ಹತ್ತಿರ ಹೋಗುತ್ತೇನೆ ಎಂದು ಹೊರಟು, ಉಮ್ಮ ಎಲ್ಲಿದ್ದಾಳೆ ಎಂದು ತಿಳಿದ ಒಬ್ಬರೇ ಒಬ್ಬರನ್ನು ಊರು ಬಿಡಿಸಿದೆ.

ಫಾಝಿಲರಿಗೆ ಕಾಗದ ಓದಿ ಹೇಳಿದೆ. ತಲೆ ಮೇಲೆ ಕೈ ಹೊತ್ತು ಕೂತರು. ನಿಮ್ಮ ಇಕಾಮಾ ಆ ಮನೆಗೆ ಕಟ್ಟಿಕೊಂಡಿದೆ ಎಂದು ತಮಗೆ ಗೊತ್ತಿರಲಿಲ್ಲ ಎಂದು ಆಣೆ ಮಾಡುತ್ತಾರೆ. ಅದು ನಿಜ. ನೀವು ಮೊದಲ ಕಾಗದದಲ್ಲೇ ಬರೆದದ್ದನ್ನು ನಾನೇ ಓದಿಯೂ ಓದಲಿಲ್ಲ. ನಿಮಗೆ ನಮ್ಮ ಹೆಸರಿನಲ್ಲಿ ವೀಸಾ ಕೇಳಿದರು. ಈ ವಯಸ್ಸಿನವರಿಗೆ ಆಗುವುದಿಲ್ಲವಂತೆ.

ಶಮೀನಾ


ವಾದಿ ನುಹಾಸ್
24 ಸೆಪ್ಟೆಂಬರ್ 2025

ಅದ್ದು ಮಾಮನಿಗೆ ಶಮೀನಾಳ ಸಲಾಂ.

ಈ ಕಾಗದವನ್ನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ಹೇಳದ್ದನ್ನು ಬರೆಯುತ್ತೇನೆ.

ಮನೆ ಚಂದ ಆಗಿದೆ. ಎಷ್ಟು ಚಂದ ಎಂದರೆ ನನಗೆ ಏನೂ ನೆನಪಾಗಲಿಲ್ಲ. ಉಮ್ಮನ ಕಟ್ಟೆ ಒಡೆದು ಅಲ್ಲಿ ಸಿಂಕ್ ಇಟ್ಟಿದ್ದಾರೆ. ನಿಮ್ಮ ಕರಿ ಹಿಡಿದ ಕೆಟ್ಲಿಯನ್ನು ಉಜ್ಜಿ ಶೆಲ್ಫಿನ ಮೇಲೆ ಅಲಂಕಾರಕ್ಕೆ ಇಟ್ಟಿದ್ದಾರೆ, ಹಳೇ ಗಣಿಯ ಸಾಮಾನು ಎಂದು. ಅದನ್ನು ತೆಗೆದು ನನ್ನ ಚೀಲದಲ್ಲಿ ಹಾಕಿದೆ. ಕಿಟಕಿಯ ಕಟ್ಟೆಯ ಬೆಕ್ಕು ಇದೆ. ಕಿಟಕಿಗೆ ಒಂದೇ ದೊಡ್ಡ ಗಾಜು ಹಾಕಿದ್ದಾರೆ, ಎಸಿಗೋಸ್ಕರ. ತೆರೆಯಲು ಬರುವುದಿಲ್ಲ. ನಾಡಿದ್ದಿನಿಂದ ರಿಯಾದಿನ ಯಾರೋ ಇಲ್ಲಿಗೆ ಎರಡು ರಾತ್ರಿಗೆ ಬರುತ್ತಾರಂತೆ. ಯಮನಿನ ದರ್ಜಿಯನ್ನು ಹುಡುಕಿದೆ, ಹೋಗಿಬಿಟ್ಟಿದ್ದಾನೆ. ನಿಮ್ಮ ಬಗ್ಗೆ ಕೇಳಲು ಈ ಊರಲ್ಲಿ ಒಬ್ಬರೂ ಸಿಗಲಿಲ್ಲ ಮಾಮ.

ಆಗಸ್ಟಿನಲ್ಲಿ ಇಲ್ಲಿ ದೊಡ್ಡ ಮಳೆ ಬಂದಿತ್ತಂತೆ. ವಾದಿ ತುಂಬಿ ಹರಿದ ನೀರು ಕಬರಸ್ತಾನದ ಮೇಲೆಯೇ ಹೋಗಿದೆ. ನೀರು ಇಳಿದ ಮೇಲೆ ಹೊಸ ಮಣ್ಣು ಹಾಕಿ ಸಮ ಮಾಡಿದ್ದಾರೆ. ನಿನ್ನೆ ಬೆಳಿಗ್ಗೆ ಗಾಜಿನ ಹತ್ತಿರ ನಿಂತಾಗ ನನಗೆ ಕಂಡದ್ದು ಆಡಿನ ಬಯಲಿನ ಹಾಗೆ ಒಂದು ಬಯಲು. ಇದನ್ನು ನಿಮಗೆ ಮೊದಲೇ ಹೇಳದೆ ಫೋನ್ ಮಾಡಿಸಿದ್ದು ತಪ್ಪಾಯಿತು. ಹೇಳಿದರೆ ನೀವು ಎದೆ ಒಡೆದುಕೊಳ್ಳುತ್ತೀರಿ ಎಂದು ಹೆದರಿದೆ.

ಫಾಝಿಲ್ ವಿಡಿಯೋ ಕರೆಯಲ್ಲಿ ಫೋನ್ ಹಿಡಿದುಕೊಂಡು ಕಬರಸ್ತಾನದೊಳಗೆ ಹೋದದ್ದು ನೀವು ನೋಡಿದಿರಿ. ನಾನೂ ಕಿಟಕಿಯ ಹತ್ತಿರ ನಿಂತು ಅದೇ ಕರೆಯಲ್ಲಿದ್ದೆ. ನಿಮ್ಮ ಮುಖ ಎಷ್ಟು ಸೊರಗಿದೆ ಮಾಮ. ಗೇಟು ದಾಟಿದ ಕೂಡಲೇ ಅವರು, "ಯಾವ ಕಡೆ ಮಾಮ, ಹೇಳಿ, ನಾನು ನಡೀತೇನೆ" ಎಂದರು. ನೀವು ಫೋನನ್ನು ಸ್ವಲ್ಪ ಆಚೆ ತಿರುಗಿಸು ಎಂದಿರಿ, ಈಚೆ ತಿರುಗಿಸು ಎಂದಿರಿ. ಆಗ ನಾನು ಅತ್ತದ್ದು ನಿಮಗೆ ಕೇಳಿಸಿತು. ಕೂಡಲೇ ನೀವು, "ಅಲ್ಲೇ ನಿಲ್ಲು ಮೋನೆ, ನಿನ್ನ ಕಾಲ ಹತ್ತಿರವೇ. ಅದೇ. ಕೈ ಎತ್ತು, ಅವಳು ನೋಡಲಿ" ಎಂದಿರಿ. ಅವರು ಕೈ ಎತ್ತಿದರು. ಬಿಸಿಲಿನಲ್ಲಿ, ನಾನು ಸಾಕು ಎನ್ನುವವರೆಗೂ, ಕೈ ಇಳಿಸದೆ ನಿಂತರು. ಅವರೂ ಅಳುತ್ತಿದ್ದರು. ಫಿಝಾ ನನ್ನ ಪಕ್ಕದಲ್ಲಿ ಗಾಜಿಗೆ ಹಣೆ ಹಚ್ಚಿ ಸಲಾಂ ಹೇಳಿದಳು.

ಮಾಮ, ಅವರು ನಿಂತದ್ದು ಗೇಟಿನ ಹತ್ತಿರ. ತುದಿಯವರೆಗೆ ನಡೆಯಬೇಕು, ಗುಡ್ಡದ ಬುಡಕ್ಕೆ ತಾಗಿ, ಸಂಜೆ ಮೊಟ್ಟಮೊದಲು ನೆರಳು ಬೀಳುವ ಕಡೆ ಎಂದು ಬರೆದವರು ನೀವೇ. ಆ ಕಾಗದ ನನಗೆ ಬಾಯಿಪಾಠ. ಸಂಜೆ ನಾನೊಬ್ಬಳೇ ಮತ್ತೆ ನಿಂತು ನೋಡಿದೆ. ನೆರಳು ಆ ತುದಿಯಿಂದ ಹೊರಟು ಗೇಟಿಗೆ ಬರುವಾಗ ಹೊತ್ತು ಮುಳುಗಿ ಮಗ್ರಿಬಿನ ಬಾಂಗು ಆಗಿತ್ತು.

ಫಾಝಿಲರಿಗೆ ನಾನಿದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಉಮ್ಮನಿಗೆ ಸಲಾಂ ಹೇಳಿಸಿದೆ ಎಂದು ಅವರು ನಿನ್ನೆ ನೆಮ್ಮದಿಯಿಂದ ಮಲಗಿದರು. ಅಲ್ಲಿ ಮಲಗಿದವರು ಯಾರೋ, ಅವರಿಗೂ ಇಷ್ಟು ವರ್ಷದಲ್ಲಿ ಯಾರೂ ಬಂದಿರಲಿಕ್ಕಿಲ್ಲ. ಇನ್ನು ನಾನು ಇಲ್ಲಿಗೆ ಬಂದಾಗಲೆಲ್ಲ ಆ ಜಾಗವನ್ನೇ ನೋಡುತ್ತೇನೆ.

ನಿಮ್ಮಲ್ಲಿ ಒಂದೇ ಬೇಡಿಕೆ. ನಾನು ಇದನ್ನೆಲ್ಲ ಬರೆದೆ ಎಂದು ನೀವು ಈಗ ನಿಜ ಹೇಳಲು ಹೋಗಬೇಡಿ. ಇದಕ್ಕೆ ಉತ್ತರ ಬರೆಯುವಾಗ, ಗೇಟಿನ ಹತ್ತಿರ ಇರುವುದೇ ನಿನ್ನ ಉಮ್ಮ ಎಂದು ಬರೆಯಿರಿ. ಫಿಝಾಳಿಗೆ ಕನ್ನಡ ಓದಲು ಕಲಿಸಿದ ಮೇಲೆ ಅವಳಿಗೆ ಆ ಕಾಗದ ತೋರಿಸುತ್ತೇನೆ.

ನಿಮ್ಮ
ಶಮೀನಾ